ಸಂಗವ್ವನ ಹತ್ತನೆಯ ಪುಸ್ತಕ

ಗೆಳತಿಯನ್ನು ಬಬಲೇಶ್ವರದ ಅವರ ಹೊಲದಲ್ಲಿ ಮಣ್ಣು ಮಾಡಿ ಬಂದು ತಿಂಗಳೂ ತುಂಬಿರಲಿಲ್ಲ, ಸಂಗವ್ವನ ಹನ್ನೊಂದನೆಯ ಪುಸ್ತಕ ಬಂತು. ಎಂದೋ ಮುಂಗಡವಾಗಿ ಹೇಳಿಟ್ಟದ್ದು, ನನಗೆ ನೆನಪೇ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ಬಿಚ್ಚಿದೆ. ಮುಖಪುಟದ ಮೇಲೆ ಅದೇ ಓಣಿ, ಅದೇ ಅರೆ ತೆರೆದ ಬಾಗಿಲು. ಮೊದಲ ಪುಟದಲ್ಲೇ ಒಂದು ತಮಾಷೆಯ ಮಾತಿತ್ತು. ಓದಿ ನಕ್ಕೆ, ನಗುತ್ತಲೇ ಫೋನಿಗೆ ಕೈಹಾಕಿದೆ. ಆಮೇಲೆ ಪುಸ್ತಕ ಮುಚ್ಚಿ ಜೋಳದ ಹಿಟ್ಟಿನ ಡಬ್ಬಿಯ ಮೇಲಿಟ್ಟೆ. ಇನ್ನೂ ಅಲ್ಲೇ ಇದೆ. ರೊಟ್ಟಿ ಮಾಡುವಾಗ ದಿನಾ ಎತ್ತಿ ಪಕ್ಕಕ್ಕಿಡುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ತೆರೆದಿಲ್ಲ.

ಸಂಗವ್ವ ನಮ್ಮ ಕಡೆಯವಳಲ್ಲ. ಒಂದು ಇಂಗ್ಲಿಷ್ ಕಾದಂಬರಿ ಮಾಲಿಕೆಯ ನಾಯಕಿ. ಸಮುದ್ರದ ದಂಡೆಯ ಯಾವುದೋ ಮಹಾನಗರದಲ್ಲಿ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿಕೊಂಡು ಬರುವ ನೌಕರಿ ಅವಳದು. ಆ ಊರಿನಲ್ಲಿ ಎಷ್ಟೋ ವರ್ಷದಿಂದ ಬೀಗ ಬಿದ್ದ ಕೆಲವು ಮನೆಗಳಲ್ಲಿಯೂ ಮೀಟರ್ ತಿರುಗುತ್ತಲೇ ಇರುತ್ತದೆ. ಅಂಥ ಮನೆಯ ಹಿಂಬಾಗಿಲು ತೆರೆದರೆ ಯಾವ ನಕಾಶೆಯಲ್ಲೂ ಇಲ್ಲದ ಒಂದು ಓಣಿ. ಅಲ್ಲಿ ಮನುಷ್ಯರಲ್ಲದ ಮಂದಿ ಮನುಷ್ಯರ ಹಾಗೆಯೇ ಬಾಡಿಗೆ ಕಟ್ಟಿಕೊಂಡು, ಜಗಳಾಡಿಕೊಂಡು, ಹೆಣ್ಣು ಕೊಟ್ಟು ತಂದುಕೊಂಡು ಬಾಳುತ್ತಿರುತ್ತಾರೆ. ನಾಯಕಿಯ ನಿಜವಾದ ಹೆಸರು ನಮ್ಮಿಬ್ಬರ ನಾಲಿಗೆಯಲ್ಲೂ ಹೊರಳಲಿಲ್ಲ. “ಸಂಗವ್ವ ಅನ್ನೂಣು. ಆಕಿಗೇನು ತಿಳೀತೈತಿ,” ಎಂದು ಗೆಳತಿಯೇ ಹೆಸರಿಟ್ಟಳು. ಓಣಿಯ ದೀಪ ಹಚ್ಚುವ ಒಬ್ಬ ಮುದುಕನಿದ್ದ. ಸಂಗವ್ವ ಎಂಥ ಗಂಡಾಂತರ ಬೆನ್ನಿಗೆ ಕಟ್ಟಿಕೊಂಡು ಬಂದರೂ ಅವನು ಮೊದಲು ಕೇಳುವುದು ಊಟವಾಯಿತೇ ಎಂದು. ಅವನು ನಮ್ಮ ಅಜ್ಜ, ಮುತ್ಯಾ ಆದ. ಇಂಗ್ಲಿಷಿನ ಮುದುಕ ನಮ್ಮ ಬಾಯಲ್ಲಿ ಧೋತರ ಉಟ್ಟು, ಪಟಕಾ ಸುತ್ತಿಕೊಂಡು, “ಉಂಡೀಯೇನವ್ವಾ?” ಎನ್ನತೊಡಗಿದ.

ಆಕೆ ಟಿಕೋಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ನಾನು ಅಲ್ಲಿಗೆ ಕನ್ನಡ ಕಲಿಸಲು ವರ್ಗವಾಗಿ ಹೋದೆ. ಇಬ್ಬರೂ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿಬರುವವರು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಎತ್ತರದ ಆಳು, ಬಸ್ಸಿನಲ್ಲಿ ನಿಂತರೆ ಹಿಡಿದುಕೊಳ್ಳಲು ಮೇಲಿನ ಕಂಬಿ ತಾನಾಗಿ ಕೈಗೆ ಬರುತ್ತಿತ್ತು. ತುರುಬಿನಲ್ಲಿ ಹೂವಿಗಿಂತ ಹೆಚ್ಚಾಗಿ ಪೆನ್ನು ಸಿಕ್ಕಿಸಿರುತ್ತಿದ್ದಳು. ಹಾಗೆ ಸಿಕ್ಕಿಸಿದ್ದನ್ನು ಮರೆತು ಇನ್ನೊಂದನ್ನೂ ಸಿಕ್ಕಿಸಿಕೊಂಡು, ಎರಡು ಕೋಡಿನವಳಾಗಿ ಕ್ಲಾಸಿಗೆ ಹೋದದ್ದೂ ಉಂಟು.

ಮೊದಲ ದಿನಗಳಲ್ಲಿ ಒಂದು ಮುಂಜಾನೆ ಬಸ್ಸಿನಲ್ಲಿ ಆಕೆಯ ಪಕ್ಕ ಸೀಟು ಸಿಕ್ಕಿತು. ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ಹಿಡಿದು ತನ್ನಷ್ಟಕ್ಕೆ ಮುಸಿಮುಸಿ ನಗುತ್ತಿದ್ದಳು.

“ಏನ್ ಓದಾಕತ್ತೀರಿ ಟೀಚರ್?” ಎಂದು ಕೇಳಿದೆ.

“ದೆವ್ವಗೋಳು ಕರೆಂಟ್ ಬಿಲ್ಲು ಕಟ್ಟಂಗಿಲ್ಲ ಅಂತ ಧರಣಿ ಕುಂತಾವ್ರಿ,” ಅಂದಳು. “ಇದ್ದಾಗ ಕಟ್ಟೀವಿ, ಸತ್ತ ಮ್ಯಾಲೂ ಯಾಕ ಕಟ್ಟಬೇಕು ಅಂತಾವ. ಮಾತೇನೋ ನ್ಯಾಯದ್ದೈತಿ.”

ಅದು ಮಾಲಿಕೆಯ ಮೂರನೆಯ ಪುಸ್ತಕ. ಗಾಂಧಿ ಚೌಕದ ಹತ್ತಿರ ಹಳೆ ಪುಸ್ತಕ ಹರವಿಕೊಂಡು ಕೂಡುವವನ ಬಳಿ ಸಿಕ್ಕದ್ದು. ಹೀಗಾಗಿ ನಾವು ಮೂರರಿಂದ ಶುರು ಮಾಡಿದೆವು, ಆಮೇಲೆ ಒಂದನೆಯದು ಸಿಕ್ಕಿತು, ಎರಡನೆಯದಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೆ. ಮೊದಮೊದಲು ಆಕೆ ಕತೆ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಒಂದು ದಿನ ಪುಸ್ತಕವನ್ನೇ ನನ್ನ ತೊಡೆಯ ಮೇಲಿಟ್ಟಳು. ನಾನು ಸಾಲಿಗೊಮ್ಮೆ ಡಿಕ್ಷನರಿ ತೆಗೆಯುವುದನ್ನು ನೋಡಿ ಅದನ್ನು ಕಸಿದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. “ಗೊತ್ತಾಗದಿದ್ರ ಮುಂದ ಹೋಗು. ಆ ಶಬ್ದ ಮತ್ತೊಮ್ಮೆ ಬರ್ತೈತಿ. ಮತ್ತೊಮ್ಮೆ ಬಂದಾಗೂ ತಿಳೀಲಿಲ್ಲಂದ್ರ ಮಗದೊಮ್ಮೆ ಬರ್ತೈತಿ. ಮಂದಿನೂ ಹಂಗ ಅಲ್ಲೇನು, ಒಮ್ಮಿಗೆ ಯಾರು ತಿಳೀತಾರ?” ಹೀಗೆ ಆಕೆಯಿಂದಲೇ ಇಂಗ್ಲಿಷ್ ಓದುವುದನ್ನು ಕಲಿತೆ. “ರೀ” ಎನ್ನುತ್ತಿದ್ದವಳು ಅಷ್ಟರಲ್ಲಿ ನನಗೆ ಸಲಿಗೆಯಿಂದ “ಬೇ” ಎನ್ನತೊಡಗಿದ್ದಳು. ನಾನೂ ಟೀಚರ್ ಬಿಟ್ಟು “ಯಕ್ಕಾ” ಎನ್ನತೊಡಗಿದ್ದೆ.

ಬಸ್ಸಿನಲ್ಲಿ ನಮ್ಮ ಮಾತು ಸುತ್ತಲಿನವರಿಗೂ ಕೇಳಿಸುತ್ತಿತ್ತು. ಒಮ್ಮೆ ಅರಕೇರಿಯ ಮುದುಕಿಯೊಬ್ಬಳು ಮುಂದಿನ ಸೀಟಿನಿಂದ ತಿರುಗಿ, ಸಂಗವ್ವ ಯಾವ ಊರಿನ ಸೊಸೆ ಎಂದು ವಿಚಾರಿಸಿದಳು. ಆಕೆ ಗಂಭೀರವಾಗಿ, “ದೂರದ ಊರು ಯವ್ವಾ, ಕರೆಂಟ್ ಆಫೀಸಿನಾಗ ಅದಾಳ,” ಅಂದಳು. “ಅಷ್ಟೊಂದು ತ್ರಾಸ ಇದ್ರ ವರ್ಗಾ ಮಾಡಿಸ್ಕೊ ಅಂತ ಹೇಳ್ರವಾ ಆಕಿಗೆ,” ಎಂದು ಮುದುಕಿ ಮರುಗಿದಳು. ಆ ದಿನವೆಲ್ಲ ಆಕೆ ನಗಲಿಲ್ಲ. “ಮುದುಕಿ ಹೇಳಿದ್ದರಾಗ ಏನು ತಪ್ಪೈತಿ? ಸಂಗವ್ವಗ ಅಷ್ಟು ಬುದ್ಧಿ ಹೇಳೂ ಒಬ್ಬರೂ ಇಲ್ಲ,” ಅಂದಳು.

ಸ್ಟಾಫ್ ರೂಮಿನಲ್ಲಿ ಇದಕ್ಕೆಲ್ಲ ಮರ್ಯಾದೆಯಿರಲಿಲ್ಲ. ಐವತ್ತರ ಹತ್ತಿರ ಬಂದ ಹೆಂಗಸು ದೆವ್ವದ ಕತೆ ಓದುವುದೇ ಎಂದು ಹಿಂದಿ ಮಾಸ್ತರರು ಒಮ್ಮೆ ಎಲ್ಲರ ಮುಂದೆ ಕೇಳಿದರು. ಇಲ್ಲದ್ದನ್ನು ಓದಿ ಏನು ಬರುತ್ತದೆ ಎಂದರು. ಆಕೆ ಪೇಪರು ತಿದ್ದುತ್ತಿದ್ದವಳು ತಲೆ ಎತ್ತದೆ, “ನಾ ಕಲಸೂದೂ ಇಲ್ಲದ್ದನ್ನ ಅಲ್ಲೇನ್ರಿ ಸರ್? ಮೈನಸ್ ಒಂದು ಯಾವ ಸಂತ್ಯಾಗ ಸಿಗ್ತೈತಿ ಹೇಳ್ರಿ, ನಾಳೆ ತರಸ್ತೀನಿ,” ಅಂದಳು. ಮಾಸ್ತರರೂ ನಕ್ಕರು.

ಹುಡುಗರಿಗೆ ಹೊಡೆದವಳಲ್ಲ. ಲೆಕ್ಕ ತಪ್ಪಾದರೆ ಬೋರ್ಡಿನ ಮೇಲೆ ಹಿಂದಕ್ಕೆ ಹಿಂದಕ್ಕೆ ಹೋಗಿ, ಎಲ್ಲಿ ತಪ್ಪಿತೋ ಅಲ್ಲಿ ಒಂದು ಸುತ್ತು ಹಾಕಿ, “ಇಲ್ಲೀತನಕಾ ನೀನು ಶಾಣ್ಯಾ,” ಅನ್ನುತ್ತಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು, ಸಪ್ಪೆ ಮುಖದ ಹುಡುಗಿಯರನ್ನು ಹಿಡಿದು ನಿಲ್ಲಿಸಿ ಕೇಳುವುದು ಅದೇ: “ಉಂಡೀಯೇನವ್ವಾ?” ಆ ಮಾತು ಎಲ್ಲಿಂದ ಬಂದದ್ದೆಂದು ನನಗೊಬ್ಬಳಿಗೇ ಗೊತ್ತು. ಆಕೆಗೆ ಮಕ್ಕಳಿರಲಿಲ್ಲ. ಆ ವಿಷಯ ತಾನಾಗಿ ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ವಿಜಯಪುರದಲ್ಲಿ ರಜೆಯ ದಿನ ಇಬ್ಬರೂ ಬಾರಾ ಕಮಾನಿಗೆ ಹೋಗಿ ಕೂಡುತ್ತಿದ್ದೆವು. ಮುಗಿಯದೆ ನಿಂತ ಆ ಕಪ್ಪು ಕಮಾನುಗಳ ಸಾಲು ನೋಡಿ ಆಕೆ ಪ್ರತಿಸಲವೂ, “ಇಷ್ಟೊಂದು ಬಾಗಲಾ, ಮನಿನ ಇಲ್ಲ. ಸಂಗವ್ವಗ ಇಲ್ಲಿ ಭಾಳ ಕೆಲಸ ಐತಿ,” ಅನ್ನುವಳು. ಒಂದು ಸಂಜೆ ಶೇಂಗಾ ತಿನ್ನುತ್ತ ಕೂತವಳು ಎದ್ದು, ಸೆರಗು ಬಿಗಿದುಕೊಂಡು, ಒಂದು ಕಮಾನಿನೊಳಗೆ ಹೋಗಿ ಗೋಡೆಯ ಆಚೆ ಮರೆಯಾದಳು. ಸ್ವಲ್ಪ ಹೊತ್ತು ಬರಲೇ ಇಲ್ಲ. ಆಮೇಲೆ ಇನ್ನೊಂದು ಕಮಾನಿನಿಂದ ಹೊರಗೆ ಬಂದು, ನನ್ನನ್ನು ಗುರುತು ಹಚ್ಚಲಾರದವಳ ಹಾಗೆ ಕಣ್ಣು ಕಿರಿದು ಮಾಡಿ ನೋಡಿ, “ನಾ ಹೋಗಿ ಎಷ್ಟು ವರ್ಷ ಆತು ಬೇ? ನಿನ್ನ ಕೂದಲೆಲ್ಲಾ ಬೆಳ್ಳಗಾಗ್ಯಾವಲ್ಲ,” ಅಂದಳು. ನಾನು ನಕ್ಕು ಶೇಂಗಾ ಸಿಪ್ಪೆ ತೆಗೆದು ಅವಳ ಮೇಲೆ ತೂರಿದೆ.

ಆರನೆಯ ಪುಸ್ತಕ ಬಂದಾಗ ನಾನು ಗರ್ಭಕೋಶದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದೆ. ನೋಡಲು ಬಂದವರೆಲ್ಲ ಎಳನೀರು ತಂದರು, ಧೈರ್ಯದ ಮಾತು ಹೇಳಿದರು. ಆಕೆ ಎರಡನ್ನೂ ತರಲಿಲ್ಲ. ಸಾಲೆ ಬಿಟ್ಟ ಮೇಲೆ ನೇರವಾಗಿ ಬಂದು, ಸ್ಟೂಲ್ ಎಳೆದುಕೊಂಡು, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದ ಶುರು ಮಾಡುತ್ತಿದ್ದಳು. ಸಂಗವ್ವನ ತಮ್ಮ ಆ ಓಣಿಯೊಳಗೆ ಸಿಕ್ಕಿಬಿದ್ದಿದ್ದ. ಅವನನ್ನು ಹೊರಗೆ ತರುವುದೇ ಆ ಪುಸ್ತಕದ ಕತೆ. ನನ್ನನ್ನು ಮನೆಗೆ ಕಳಿಸುವ ಹಿಂದಿನ ದಿನ ಆಕೆ ಕತೆ ಮುಗಿಸಿದಳು. ತಮ್ಮ ಹೊರಗೆ ಬಂದ, ಅಕ್ಕ ತಮ್ಮ ಸಮುದ್ರದ ದಂಡೆಯ ಮೇಲೆ ಕೂತು ಮೀನು ತಿಂದರು ಎಂದಳು. ನನಗೆ ಎಷ್ಟು ಹಾಯೆನಿಸಿತೆಂದರೆ, ಆ ಸಂಜೆ ಹಸಿವಾಗಿ ಊಟ ಮಾಡಿದೆ.

ತಿಂಗಳಾದ ಮೇಲೆ ಮನೆಯಲ್ಲಿ ಪುಸ್ತಕ ಓದಿ ನೋಡಿದರೆ ತಮ್ಮ ಸತ್ತಿದ್ದ. ಸಮುದ್ರವೂ ಇರಲಿಲ್ಲ, ಮೀನೂ ಇರಲಿಲ್ಲ. ನನಗೆ ಸಿಟ್ಟು ಬಂತು. ಮರುದಿನ ಬಸ್ಸಿನಲ್ಲಿ, “ಸುಳ್ಳು ಯಾಕ ಹೇಳಿದಿ ಯಕ್ಕಾ?” ಅಂದೆ.

“ಹೊಲಿಗಿ ಹಾಕಿದ್ರು. ಅತ್ತಿದ್ರ ಬಿಚ್ಚತಿದ್ದು.”

“ಇನ್ನ ಮ್ಯಾಲೆ ಕತಿಯೊಳಗ ನನಗ ಮೋಸ ಮಾಡಬ್ಯಾಡ.”

ಆಕೆ ಕಿಟಕಿಯ ಹೊರಗೆ ನೋಡಿದಳು. “ಆತು, ಮಾಡಂಗಿಲ್ಲ. ನೀನೂ ನನಗ ಮಾಡಬ್ಯಾಡ,” ಅಂದಳು.

ಏಳನೆಯ ಪುಸ್ತಕ ಚೆನ್ನಾಗಿರಲಿಲ್ಲ. ಬರೆದವರಿಗೇ ಬೇಸರ ಬಂದ ಹಾಗಿತ್ತು. ಇನ್ನು ಸಾಕು ಎಂದು ನಾನು ಕೈಬಿಡಲು ಹೊರಟಾಗ ಆಕೆ ಬಿಡಲಿಲ್ಲ. “ಮನಿ ಮಂದಿ ಒಂದ್ ವರ್ಷ ಸರಿ ಇರಲಿಲ್ಲಂದ್ರ ಬಿಟ್ಟು ಹೋಗ್ತೀಯೇನು? ತಡಿ, ಎಂಟನೇದು ಬರ್ಲಿ,” ಅಂದಳು. ಎಂಟನೆಯದು ನಿಜಕ್ಕೂ ಚೆನ್ನಾಗಿತ್ತು. ಮುತ್ಯಾನ ಹಿಂದಿನ ಕತೆಯೆಲ್ಲ ಅದರಲ್ಲಿತ್ತು. ಓದಿ ಮುಗಿಸಿದ ದಿನ ಆಕೆ, “ಈ ಮುತ್ಯಾಗ ಏನಾರ ಆತಂದ್ರ ನಾ ತಡಕೊಳ್ಳಾಂಗಿಲ್ಲ ನೋಡ ಬೇ,” ಅಂದದ್ದು ನನ್ನ ಕಿವಿಯಲ್ಲಿದೆ. ಆಕೆಯ ಅಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದನಂತೆ. ಆ ಮಾತು ಬಂದದ್ದು ಅದೊಂದೇ ಸಲ.

ಒಂಬತ್ತನೆಯ ಪುಸ್ತಕ ಬಂದಾಗ ಮೊದಲು ಆಕೆ ತೆಗೆದುಕೊಂಡಳು. ಯಾವಾಗಲೂ ನಾಲ್ಕು ದಿನದಲ್ಲಿ ಓದಿ ಕೊಡುವವಳು ತಿಂಗಳಾದರೂ ಕೊಡಲಿಲ್ಲ. ಬಸ್ಸಿನಲ್ಲಿ ಪುಸ್ತಕ ಹಿಡಿದೇ ಕೂತಿರುತ್ತಿದ್ದಳು. ಗುರುತಿಗೆಂದು ಇಡುತ್ತಿದ್ದ ಬಸ್ ಟಿಕೆಟ್ಟು ಮುಂದೆ ಹೋಗುವ ಬದಲು ಹಿಂದೆ ಹಿಂದೆ ಬರುತ್ತಿರುವುದನ್ನು ಒಂದು ದಿನ ಗಮನಿಸಿದೆ. ಕೇಳಿದರೆ, “ಸಾವಕಾಶ ಓದಾಕತ್ತೀನಿ,” ಅಂದಳು.

ಕ್ಲಾಸಿನಲ್ಲಿ ಪ್ರಮೇಯ ಬಿಡಿಸುತ್ತ ನಡುವೆ ನಿಂತುಬಿಡುತ್ತಿದ್ದಳಂತೆ. ನಿಂತು, ಸೀಮೆಸುಣ್ಣ ಹುಡುಗರ ಕಡೆ ಚಾಚಿ, “ಮುಂದ ನೀವ ಮಾಡ್ರಿ,” ಅನ್ನುತ್ತಿದ್ದಳಂತೆ. ಟೀಚರ್ ಪರೀಕ್ಷೆ ಮಾಡುತ್ತಿದ್ದಾರೆಂದು ತಿಳಿದು ಅವರು ಪೈಪೋಟಿಯಿಂದ ಎದ್ದು ಬರುತ್ತಿದ್ದರು. ಆ ವರ್ಷ ಗಣಿತದ ಫಲಿತಾಂಶ ಎಂದಿಗಿಂತ ಚೆನ್ನಾಗಿ ಬಂತು.

ಟಿಕೋಟಾದ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಆಕೆ ನನ್ನ ಮೊಳಕೈ ಹಿಡಿದುಕೊಂಡು, “ಒಂದ್ ಮಾತು ಕೇಳ್ತೀನಿ, ನಗಬ್ಯಾಡ ಬೇ,” ಅಂದಳು. “ಸಂಗವ್ವಗ ಮದುವಿ ಆಗೇತೇನು?”

ನಾನು ನಕ್ಕೆ. ಸಂಗವ್ವನ ಮದುವೆ ನಾಲ್ಕನೆಯ ಪುಸ್ತಕದಲ್ಲೇ ಆಗಿತ್ತು. ಆ ಗಂಡು ಬೇಡವೆಂದು ಆಕೆ, ಇರಲಿ ಎಂದು ನಾನು ಎಷ್ಟೋ ದಿನ ಜಗಳಾಡಿದ್ದೆವು. ನಗುತ್ತ ಆಕೆಯ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ.

“ನಗಬ್ಯಾಡ ಅಂದಿದ್ನಲ್ಲ,” ಅಂದಳು.

ಬಸ್ಸು ಬಂತು. ಹತ್ತಿ ಕೂತೆವು. ಟಿಕೆಟ್ಟು ತೆಗೆದುಕೊಂಡ ಮೇಲೆ ಆಕೆಯೇ ಮಾತಾಡಿದಳು. “ಲೆಕ್ಕಾ ಇನ್ನೂ ಬರ್ತೈತಿ ಬೇ. ಹಾದಿ ಅರ್ಧಕ್ಕ ಬಿಟ್ರೂ ಒಂದೀಟು ತಡದು ಸಿಗ್ತೈತಿ. ಮಂದಿ ಹೋಗಾಕತ್ತಾರ. ಒಬ್ಬೊಬ್ಬರ ಎದ್ದು ಹೋಗಾಕತ್ತಾರ, ಹೇಳದ ಕೇಳದ.”

ಸೊಲ್ಲಾಪುರದ ಡಾಕ್ಟರು ತಲೆಯ ಚಿತ್ರ ತೆಗೆಸಿ ನೋಡಿ, ಇದು ಮರೆವಿನ ರೋಗ, ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ, ನಿಲ್ಲಿಸುವ ಔಷಧ ಇಲ್ಲ ಎಂದರು. ಈ ವಯಸ್ಸಿಗೆ ಬರುವುದು ಕಡಿಮೆ ಎಂದೂ ಹೇಳಿದರಂತೆ. ಆಕೆ ನೌಕರಿ ಬಿಟ್ಟಳು. ಅವಳ ಯಜಮಾನರು ವಿಜಯಪುರದ ಬಾಡಿಗೆ ಮನೆ ಖಾಲಿ ಮಾಡಿ, ಬಬಲೇಶ್ವರದ ತಮ್ಮ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಅವರದು ಪಂಪ್‌ಸೆಟ್ಟಿನ ಸುಟ್ಟ ಮೋಟರು ರಿಪೇರಿ ಮಾಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮೊದಲು ದಿನಾ ಊರಿಂದ ಊರಿಗೆ ಓಡಾಡುತ್ತಿದ್ದವರು ಈಗ ಹೆಂಡತಿಯ ಕೂಗು ಕೇಳುವಷ್ಟು ಹತ್ತಿರದಲ್ಲಿ ಕೂತು ಕೆಲಸ ಮಾಡತೊಡಗಿದರು.

ಮಿತಭಾಷಿ ಮನುಷ್ಯ. ಮದುವೆಯಾದಂದಿನಿಂದ ಹೆಂಡತಿಯ ಕೈಯಲ್ಲಿ ಪುಸ್ತಕ ನೋಡಿದ್ದರೇ ಹೊರತು ಅದರೊಳಗೆ ಏನಿದೆಯೆಂದು ಕೇಳಿದವರಲ್ಲ. ಆಕೆಗೆ ಸೀರೆ ಉಡಿಸುವುದನ್ನು, ಜಡೆ ಹಾಕುವುದನ್ನು ಅವರೇ ಕಲಿತರು. ಒಂದು ಭಾನುವಾರ ನಾನು ಹೋದಾಗ ಜಡೆ ಹೆಣೆಯುತ್ತಿದ್ದರು. ಸಂಕೋಚಪಟ್ಟುಕೊಂಡು, “ತಂತಿ ಸುತ್ತೂ ಕೈ ಇದು, ಅಕ್ಕೋರ. ಬಿಗಿ ಆಗ್ತೈತಿ ಅಂತ ಬೈತಾಳ,” ಅಂದರು. ಆಕೆ ಗೋಡೆಯ ಕಡೆ ಮುಖ ಮಾಡಿ, “ಈ ಮನಶ್ಯಾಗ ಒಂದೂ ಬರಂಗಿಲ್ಲ,” ಎಂದು ನನಗೆ ದೂರು ಹೇಳಿದಳು. ಆಗ ಅವಳಿಗೆ ನಾನು ಯಾರೆಂದು ಗೊತ್ತಿತ್ತು.

ಹತ್ತನೆಯ ಪುಸ್ತಕ ಬಂದದ್ದು ಆ ಕಾಲದಲ್ಲಿ. ಆಕೆಗೆ ಅಕ್ಷರ ಕೂಡಿಸಲು ಆಗುತ್ತಿರಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ ನಾನು ಓದಿ ಹೇಳುವುದೆಂದಾಯಿತು. ಇಂಗ್ಲಿಷನ್ನು ಕಣ್ಣಲ್ಲಿ ಓದುತ್ತ ಬಾಯಲ್ಲಿ ನಮ್ಮ ಮಾತಿಗೆ ತಿರುಗಿಸಬೇಕು. ಒಂದು ಕಾಲಕ್ಕೆ ಆಕೆ ನನಗೆ ಮಾಡಿದ ಕೆಲಸ ಅದೇ.

ಆದರೆ ಹತ್ತನೆಯ ಪುಸ್ತಕ ಅಂದರೆ ಹಿಂದಿನ ಒಂಬತ್ತನ್ನು ಬಲ್ಲವರಿಗೆಂದು ಬರೆದದ್ದು. ಯಾರು ಯಾರ ಮಗ, ಯಾವ ಬಾಗಿಲು ಯಾಕೆ ಮುಚ್ಚಿದೆ, ಸಂಗವ್ವ ತಮ್ಮನ ಹೆಸರು ಬಂದ ಕೂಡಲೇ ಯಾಕೆ ಮಾತು ಬದಲಿಸುತ್ತಾಳೆ, ಯಾವುದನ್ನೂ ಅದು ಬಿಡಿಸಿ ಹೇಳುವುದಿಲ್ಲ. ಎರಡು ಸಾಲು ಓದುವಷ್ಟರಲ್ಲಿ ಆಕೆ, “ಯಾವಾಕಿ ಸಂಗವ್ವ?” ಎಂದು ಕೇಳುತ್ತಿದ್ದಳು. ನಾನು ಹಿಂದಿನದೆಲ್ಲ ಹೇಳುತ್ತಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗುತ್ತಿತ್ತು. ಮುಂದಿನ ವಾರ ಮತ್ತೆ, “ಯಾವಾಕಿ ಸಂಗವ್ವ?”

ಹೀಗೆ ವಾರವಾರ ಹೇಳುವುದನ್ನು ಯಜಮಾನರು ಅಂಗಡಿಯ ಹಿಂಬಾಗಿಲಲ್ಲಿ ಕೂತು ತಂತಿ ಸುತ್ತುತ್ತ ಕೇಳುತ್ತಿದ್ದರು. ಒಂದು ದಿನ ನಾನು ಉತ್ತರ ಕೊಡುವ ಮುಂಚೆಯೇ ಅಲ್ಲಿಂದ ಅವರ ದನಿ ಬಂತು: “ಮೀಟರ್ ಓದಾಕಿ. ತಮ್ಮ ಸತ್ತಾನ ಪಾಪ, ಗಂಡ ಸುಮಾರದಾನ. ಓದ್ರಿ ಅಕ್ಕೋರ ಮುಂದ.” ಅಂದಿನಿಂದ ಆಕೆಯ ಪ್ರಶ್ನೆಗಳಿಗೆ ಉತ್ತರ ಅವರದು, ಓದು ನನ್ನದು. ಗಂಡನ ಉತ್ತರ ಕೇಳಿ ಆಕೆ ಸಮಾಧಾನದಿಂದ ತಲೆಯಾಡಿಸುತ್ತಿದ್ದಳು. ಪುಸ್ತಕ ಸಾಗತೊಡಗಿತು.

ಯಾವ ವಾರ ನಾನು ಆಕೆಯ ಲೆಕ್ಕದಿಂದ ಎದ್ದು ಹೋದೆನೋ ಗೊತ್ತಿಲ್ಲ. ಒಂದು ಭಾನುವಾರ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಆಕೆ ಮಂಚದಿಂದ ಎದ್ದು, ಸೆರಗು ಸರಿಮಾಡಿಕೊಂಡು, “ಬರ್ರಿ, ಬರ್ರಿ. ಕೂಡ್ರಿ. ಎಲ್ಲಿಂದ ಬಂದ್ರಿ?” ಅಂದಳು.

ಬೇ ಹೋಗಿ ರೀ ಬಂದಿತ್ತು. ಯಜಮಾನರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. ನಾನು, “ವಿಜಯಪುರದಿಂದ ಬಂದೆ ಯಕ್ಕಾ,” ಅಂದೆ. ಯಕ್ಕಾ ಎಂದದ್ದು ಅವಳಿಗೆ ಸ್ವಲ್ಪ ಸಲಿಗೆಯಾಯಿತೆನಿಸಿರಬೇಕು, ಮುಖದಲ್ಲಿ ಕಾಣಿಸಿತು. ಮುಂದೆ ನಾನೂ ರೀ ಎಂದೇ ಮಾತಾಡಿಸಿದೆ.

ಪುಸ್ತಕದ ಕೊನೆಯ ಭಾಗವನ್ನು ನಾನು ಮನೆಯಲ್ಲಿ ಮೊದಲೇ ಓದಿಕೊಂಡೆ. ಮುತ್ಯಾ ಸಾಯುತ್ತಾನೆ. ಓಣಿ ಕುಸಿಯುತ್ತಿರುತ್ತದೆ, ಸಂಗವ್ವ ಹೊರಗೆ ಓಡಬೇಕು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿರುತ್ತದೆ. ಮುದುಕ ಒಳಗಿನಿಂದ ಭುಜ ಕೊಟ್ಟು ಅದನ್ನು ಹಿಡಿದು ನಿಲ್ಲುತ್ತಾನೆ. ಅವಳು ದಾಟಿದ ಮೇಲೆ ಬಿಡುತ್ತಾನೆ. ಬಿಡುವ ಮುಂಚೆಯೂ ಅವನು ಕೇಳುವುದು ಊಟದ ಮಾತನ್ನೇ.

ಆ ವಾರವೆಲ್ಲ ನನಗೆ ಅದೇ ಚಿಂತೆ. ಮುತ್ಯಾಗೆ ಏನಾದರೂ ಆದರೆ ತಡೆದುಕೊಳ್ಳುವುದಿಲ್ಲ ಎಂದವಳ ಮುಂದೆ ಇದನ್ನು ಹೇಗೆ ಓದಲಿ? ಬದಲಿಸಿ ಹೇಳಿದರಾಯಿತು, ಅವನನ್ನೂ ಹೊರಗೆ ಕರೆತಂದು ಸಮುದ್ರದ ದಂಡೆಯ ಮೇಲೆ ಕೂರಿಸಿದರಾಯಿತು ಅನಿಸಿತು. ಆದರೆ ಬಸ್ಸಿನಲ್ಲಿ ಆಡಿದ ಮಾತಿತ್ತಲ್ಲ, ನೀನೂ ನನಗೆ ಮೋಸ ಮಾಡಬೇಡ ಎಂದದ್ದು. ಆಡಿದವಳಿಗೆ ಅದು ನೆನಪಿಲ್ಲ ಎಂಬುದು ನನಗೆ ನೆಪವಾಗಬಾರದು ಎಂದುಕೊಂಡೆ.

ಭಾನುವಾರ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಅಂಗಡಿಯೊಳಗೆ ತಂತಿ ಸುತ್ತುವ ಯಂತ್ರದ ಸದ್ದು ನಿಂತಿತು. ಯಜಮಾನರು ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಬಾಗಿಲು ಮುಚ್ಚಿತು, ಓಣಿಯ ದೀಪಗಳೆಲ್ಲ ಆರಿದವು ಎಂದು ಹೇಳಿದೆ. ಮುಂದೆ ಓದಲು ಆಗಲಿಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅತ್ತೆ. ಮುತ್ಯಾನಿಗಾಗಿ ಅತ್ತೆನೋ, ಅವನಿಗಾಗಿ ಅಳಬೇಕಾಗಿದ್ದವಳು ಸುಮ್ಮನೆ ಕೂತಿದ್ದಳೆಂದು ಅತ್ತೆನೋ ತಿಳಿಯದು. ಯಜಮಾನರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಅಂಗಡಿಗೆ ಹೋದರು. ಯಂತ್ರ ಮತ್ತೆ ಶುರುವಾಗಲಿಲ್ಲ.

ಆಕೆ ಮಂಚದಿಂದ ಇಳಿದು ಬಂದು ನನ್ನ ಪಕ್ಕ ಕೂತಳು. ಹಿಂಜರಿಯುತ್ತ ನನ್ನ ಬೆನ್ನ ಮೇಲೆ ಕೈಯಿಟ್ಟಳು.

“ಸತ್ತವರು ನಿಮ್ಮ ಮಂದಿ ಏನ್ರಿ?” ಎಂದು ಕೇಳಿದಳು.

“ಹೌದ್ರಿ,” ಅಂದೆ.

“ಅಳ್ರಿ, ಅತ್ರ ಹಗುರಾಗ್ತೈತಿ.” ಸ್ವಲ್ಪ ಹೊತ್ತು ಬೆನ್ನು ಸವರಿದಳು. ಆಮೇಲೆ, ದುಃಖದಲ್ಲಿರುವವರ ಮನಸ್ಸು ಬೇರೆ ಕಡೆ ತಿರುಗಿಸಲು ಮಾತು ತೆಗೆಯುತ್ತಾರಲ್ಲ, ಹಾಗೆ ಹೇಳಿದಳು: “ನನಗೂ ಒಬ್ಬಾಕಿ ಗೆಳತಿ ಇದ್ದಳ್ರಿ. ಟಿಕೋಟಾದಾಗ. ಇಬ್ಬರೂ ಕೂಡಿ ಭಾಳ ಓದ್ತಿದ್ವಿ. ಬಸ್ಸಿನಾಗ ಓದ್ತಿದ್ವಿ.”

ನನ್ನ ಅಳು ನಿಂತುಹೋಯಿತು. “ಈಗ ಎಲ್ಲಿ ಅದಾರ್ರಿ ಅವರು?”

“ಗೊತ್ತಿಲ್ರಿ. ಬರಂಗಿಲ್ಲ ಆಕಿ. ಸಿಟ್ಟಾಗ್ಯಾಳೋ ಏನೋ. ಏನ್ ಅಂದ್ನೋ ನಾನು, ನನಗ ಖಬರ ಇಲ್ಲ.” ಆಕೆ ತನ್ನ ಅಂಗೈ ನೋಡಿಕೊಂಡಳು. “ನಿಮಗೆಲ್ಲೆರ ಸಿಕ್ಕರ ಬಾ ಅಂತ ಹೇಳ್ರಿ. ನಾ ಏನೂ ಅನ್ನಂಗಿಲ್ಲ ಅಂತ ಹೇಳ್ರಿ.”

ಹೇಳುತ್ತೇನೆ ಎಂದು ಎದ್ದು ಬಂದೆ.

ಮುಂದಿನ ಭಾನುವಾರ ನಾನು ಪುಸ್ತಕ ಒಯ್ಯಲಿಲ್ಲ. ಇಬ್ಬರೂ ಟಿಕೋಟಾಕ್ಕೆ ಹೋಗಿಬರುತ್ತಿದ್ದಾಗ ನಾನು ಉಡುತ್ತಿದ್ದ ಹಸಿರು ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಆಕೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, “ಬರ್ರಿ,” ಅಂದಳು. ಪಕ್ಕದಲ್ಲಿ ಕೂತು, “ಟಿಕೋಟಾದ ನಿಮ್ಮ ಗೆಳತಿ ಸಿಕ್ಕಿದ್ದಳ್ರಿ. ಆಕಿಗೆ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಇವತ್ತು ಬರ್ತೀನಂದಾಳ,” ಅಂದೆ. ಹಾಗೆ ಅಂದರೆ ನನ್ನ ಮುಖದಲ್ಲೇ ಆಕೆಗೆ ನಾನು ಕಂಡೇನು ಎಂದು ಆಸೆಯಿತ್ತು.

ಆ ಮುಖ ಹಾಗೆ ಅರಳಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. “ಖರೇ ಏನ್ರಿ?” ಎಂದು ಎದ್ದು ಒಳಗೆ ಹೋದಳು. ಗಂಡನಿಂದ ಮತ್ತೊಮ್ಮೆ ಜಡೆ ಹಾಕಿಸಿಕೊಂಡಳು. ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಬಂದು ಕೂತು, ಬಸ್ಸು ಬರುವ ರಸ್ತೆಯ ಕಡೆ ನೋಡತೊಡಗಿದಳು. ಒಂದು ಬಸ್ಸು ಬಂತು, ಜನ ಇಳಿದು ಹೋದರು. ಜೈನಾಪುರದ ಕಡೆಯ ಜೀಪು ತುಂಬಿಕೊಂಡು ಹೋಯಿತು. “ಬಂದ್ಲೇನ್ರಿ?” ಅಂದಳು. “ಇನ್ನೂ ಇಲ್ರಿ,” ಅಂದೆ. “ಬರ್ತಾಳ ತಡೀರಿ. ತಡಾ ಮಾಡೂದು ಆಕಿ ರೂಢಿ,” ಎಂದು ನನಗೇ ಸಮಾಧಾನ ಹೇಳಿದಳು.

ಆಮೇಲೆ ಏನೋ ಹೊಳೆದವಳಂತೆ ನನ್ನ ಕಡೆ ತಿರುಗಿ, “ಒಂದೀಟು ಆಕಡೆ ಸರೀತೀರೇನ್ರಿ? ಆಕಿಗೆ ಕೂಡಾಕ ಜಾಗಾ ಬೇಕಲ್ಲ,” ಅಂದಳು.

ನಾನು ಸರಿದೆ. ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟುಕೊಂಡು, ಸಂಜೆಯ ಬಸ್ಸಿನ ತನಕ ನಾವಿಬ್ಬರೂ ನನ್ನ ದಾರಿ ಕಾಯುತ್ತ ಕೂತೆವು.